ಸಹಾಯ ಬೇಕು: ಶುಗರ್, ಬಿಪಿ ಇರುವ ಅಪ್ಪನಿಗೆ ದಾರಿಯಲ್ಲಿ ಏನು ತಿನ್ನಿಸಲಿ?

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಅಪ್ಪನನ್ನು ಕರೆದುಕೊಂಡು ಬೆಂಗಳೂರಿನಿಂದ ಹುಬ್ಬಳ್ಳಿಗೆ ಕಾರಿನಲ್ಲಿ ಹೊರಟಿದ್ದೇವೆ. ಅವರಿಗೆ ಶುಗರ್ ಇದೆ, ಜೊತೆಗೆ ಬಿಪಿ. ದಿನಕ್ಕೆ ಉಪ್ಪು 5 ಗ್ರಾಂ ದಾಟಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ಮನೆಯಲ್ಲಾದರೆ ಸರಿ, ಹೋಟೆಲಿನಲ್ಲಿ ಅಳೆಯುವುದು ಹೇಗೆ?

ಬೆಳಗಿನ ತಿಂಡಿಯದ್ದೇ ತಲೆನೋವು. ಇಡ್ಲಿ ಹಬೆಯಲ್ಲಿ ಬೇಯುತ್ತದೆ, ಎಣ್ಣೆ ಇಲ್ಲ, ನಿಜ. ಆದರೆ ಅದರಲ್ಲಿ ಅಕ್ಕಿಯೇ ಜಾಸ್ತಿ ಅಲ್ವಾ? ಉಡುಪಿ ಶೈಲಿಯ ಸಾಂಬಾರಿಗೆ ಬೆಲ್ಲ ಬೇರೆ ಹಾಕುತ್ತಾರೆ. ಹಾಗಾದರೆ ಇಡ್ಲಿ ಜೊತೆ ಚಟ್ನಿಯೇ ವಾಸಿಯಾ? ಅಪ್ಪನ ಕಣ್ಣು ಮಾತ್ರ ಸೀದಾ ಚೌಚೌ ಬಾತ್ ಕಡೆ ಹೋಗುತ್ತದೆ. ಅದನ್ನು ತಪ್ಪಿಸುವ ಉಪಾಯ ಇದ್ದರೆ ಅದನ್ನೂ ಹೇಳಿ!

ಮಧ್ಯಾಹ್ನಕ್ಕೆ ಖಾನಾವಳಿ ಸಿಕ್ಕರೆ ಚಿಂತೆ ಕಡಿಮೆ. ಜೋಳದ ರೊಟ್ಟಿ, ಕಾಳು ಪಲ್ಯ, ಹಸಿ ಸೌತೆಕಾಯಿ, ಮೊಸರು. ಎಣ್ಣೆಗಾಯಿ, ಉಪ್ಪಿನಕಾಯಿ ಬಿಟ್ಟರಾಯಿತು.

ಚಿತ್ರದುರ್ಗ, ದಾವಣಗೆರೆ ಸುತ್ತ ಹೆದ್ದಾರಿಗೆ ಹತ್ತಿರ ಬಿಸಿ ರೊಟ್ಟಿ ಕೊಡುವ ಒಳ್ಳೆಯ ಖಾನಾವಳಿ ಎಲ್ಲಿದೆ? ಪಲ್ಯಕ್ಕೆ ಉಪ್ಪು, ಎಣ್ಣೆ ಕಡಿಮೆ ಹಾಕಿ ಅಂದರೆ ಗೊಣಗದೆ ಮಾಡಿಕೊಡುತ್ತಾರಾ? ಶುಗರ್ ಇರುವವರು ಹೊರಗೆ ಹೋದಾಗ ನೀವೇ ಏನು ತರಿಸುತ್ತೀರಿ? ಸುಮ್ನೆ ಬುತ್ತಿ ಕಟ್ಟಿಕೊಳ್ಳಿ ಅನ್ನಬೇಡಿ. ಹೋಗುವಾಗ ಕಟ್ಟಿಕೊಳ್ಳಬಹುದು, ಬರುವಾಗ ಆಗುವುದಿಲ್ಲ.