ಸಿಂಧನೂರು ಕಡೆ ನೆಲ್ಲು ಕೊಯ್ಲಾದ ಮೇಲಿನ ಹೊಗೆ, ಮಗಳಿಗೆ ಉಬ್ಬಸ. ಏನು ಮಾಡಬಹುದು?

ಕಾಲುವೆದಂಡೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಿಂಧನೂರು ಹತ್ತಿರದ ಊರು, ತುಂಗಭದ್ರಾ ಎಡದಂಡೆ ಕಾಲುವೆ ಬಯಲು. ಮನೆಯ ಮೂರು ಕಡೆಗೂ ಗದ್ದೆ. ನವೆಂಬರ್ ಕೊನೆಗೆ ಕೊಯ್ಲು ಮುಗಿಯುತ್ತಿದ್ದಂತೆ ಸಂಜೆ ಹೊತ್ತು ಒಂದೊಂದೇ ಹೊಲಕ್ಕೆ ಬೆಂಕಿ ಬೀಳುತ್ತದೆ. ರಾತ್ರಿ ಎಂಟಕ್ಕೆ ಬೀದಿ ದೀಪದ ಸುತ್ತ ಹೊಗೆ ನಿಂತಿರುತ್ತದೆ, ಬೆಳಿಗ್ಗೆ ಬಿಸಿಲು ಏರುವ ತನಕ ಅಲ್ಲಾಡುವುದಿಲ್ಲ. ಇದರ ಜೊತೆಗೆ ರೈಸ್ ಮಿಲ್ ಬೂದಿ, ಒಣಹಾಕಿದ ಬಟ್ಟೆ ತುಂಬಾ ಕರಿ ಚುಕ್ಕೆ.

ಆರು ವರ್ಷದ ಮಗಳಿಗೆ ಹೋದ ವರ್ಷದಿಂದ ಉಬ್ಬಸ. ಮಳೆಗಾಲದಲ್ಲಿ ಆರಾಮಾಗಿ ಇರುತ್ತಾಳೆ, ಈ ಒಂದೂವರೆ ತಿಂಗಳು ಮಾತ್ರ ಮಧ್ಯರಾತ್ರಿ ಎದ್ದು ಕೂರುತ್ತಾಳೆ. ಮೊಬೈಲ್‌ನಲ್ಲಿ ನೋಡಿದರೆ ಗಾಳಿ ಸಾಧಾರಣ ಅಂತ ಬರುತ್ತದೆ, ಕಿಟಕಿ ತೆಗೆದರೆ ಎದುರು ಮನೆ ಕಾಣುವುದಿಲ್ಲ. ಇಷ್ಟು ಬಟಾಬಯಲು, ಅಡ್ಡ ಒಂದು ಗುಡ್ಡ ಇಲ್ಲ, ಆದರೂ ಹೊಗೆ ಯಾಕೆ ಹೋಗುವುದಿಲ್ಲ? ನಾನೂ ರೈತನ ಮಗನೇ, ಯಾರನ್ನೂ ಬೈಯಲು ಬಂದಿಲ್ಲ. ಮಗುವಿಗೆ ಏನು ಮಾಡಲಿ, ಅಷ್ಟು ಹೇಳಿ.

ಬಯಲುಮೇಷ್ಟ್ರು:
ಬಯಲಾದರೂ ಮೇಲೆ ಮುಚ್ಚಳ ಬೀಳುತ್ತದೆ. ಚಳಿಗಾಲದಲ್ಲಿ ಸೂರ್ಯ ಮುಳುಗಿದ ಕೂಡಲೇ ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ, ಅದರ ಮೇಲಿನ ಪದರ ಬೆಚ್ಚಗೇ ಇರುತ್ತದೆ. ಹಾಗಾಗಿ ಹೊಗೆ ಮೇಲೇರುವುದಿಲ್ಲ, ಗಾಳಿಯೂ ಬೀಸದಿದ್ದರೆ ಊರ ಮೇಲೇ ಹಾಸಿಕೊಂಡು ಮಲಗುತ್ತದೆ. ಬಿಸಿಲು ನೆಲ ಕಾಯಿಸಿದ ಮೇಲೆ ಮುಚ್ಚಳ ತೆಗೆಯುತ್ತದೆ. ನೀವು ನೋಡಿದ್ದು ಅದನ್ನೇ.

ಮೊಬೈಲ್ ಅಂಕಿಯನ್ನು ಪೂರ್ತಿ ನಂಬಬೇಡಿ. ಹತ್ತಿರದಲ್ಲಿ ಅಳೆಯುವ ಯಂತ್ರ ಇಲ್ಲದ ಊರಿಗೆ ಅದು ದೂರದ ಅಳತೆಯಿಂದ, ಉಪಗ್ರಹದಿಂದ ಲೆಕ್ಕ ಹಾಕಿದ ಅಂಕಿ ಆಗಿರಬಹುದು. ಪಕ್ಕದ ಹೊಲದ ಬೆಂಕಿ ಅದಕ್ಕೆ ಎಲ್ಲಿ ಗೊತ್ತಾಗಬೇಕು? ಪಿಎಂ 2.5 ಅಂತಾರಲ್ಲ, ಆ ಸಣ್ಣ ಕಣಕ್ಕೆ ನಮ್ಮ ದೇಶದ ಮಿತಿ 24 ಗಂಟೆಯ ಸರಾಸರಿಯಲ್ಲಿ ಘನ ಮೀಟರ್‌ಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಅಂದರೆ ಇಲ್ಲಿ ಪರವಾಗಿಲ್ಲ ಅಂತ ತೋರಿಸಿದ ದಿನವೂ ಮಗುವಿನ ಎದೆಗೆ ಜಾಸ್ತಿ ಆಗಿರಬಹುದು.

ನರ್ಸಕ್ಕ:
ತಮ್ಮಾ, ಮೊದಲು ಮಗುವಿನ ವಿಷಯ. ಡಾಕ್ಟರು ದಿನಾ ತೆಗೆದುಕೊಳ್ಳುವ ಇನ್ಹೇಲರ್ ಬರೆದಿದ್ದರೆ ಅದನ್ನು ಆರಾಮಾಗಿದ್ದಾಳೆ ಅಂತ ನೀವೇ ನಿಲ್ಲಿಸಬೇಡಿ. ಅಕ್ಟೋಬರ್‌ನಲ್ಲಿ ನಿಲ್ಲಿಸಿ ಡಿಸೆಂಬರ್‌ನಲ್ಲಿ ಮಗುವನ್ನು ಎತ್ತಿಕೊಂಡು ಓಡಿ ಬರುವ ತಾಯಂದಿರನ್ನು ನೋಡಿ ನೋಡಿ ಹೇಳುತ್ತಿದ್ದೇನೆ. ಈ ವರ್ಷ ಕೊಯ್ಲಿಗೆ ಮೊದಲೇ ಒಮ್ಮೆ ತೋರಿಸಿ. ಇನ್ಹೇಲರ್‌ಗೆ ಸ್ಪೇಸರ್, ಅಂದರೆ ಅದರ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ಇರಲೇಬೇಕು, ಇಲ್ಲದಿದ್ದರೆ ಔಷಧಿ ಬಹುಪಾಲು ಬಾಯಲ್ಲೇ ಉಳಿಯುತ್ತದೆ.

ಸಂಜೆ ಐದಕ್ಕೇ ಕಿಟಕಿ ಹಾಕಿ, ಮಧ್ಯಾಹ್ನ ತೆಗೆಯಿರಿ. ಮಗು ಮಲಗುವ ಕೋಣೆಯಲ್ಲಿ ಊದುಬತ್ತಿ, ಸೊಳ್ಳೆ ಬತ್ತಿ, ಲೋಬಾನ ಯಾವುದೂ ಬೇಡ. ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಮೂಗಿಗೆ ಟವೆಲ್ ಕಟ್ಟಿದರೆ ಧೂಳು ನಿಲ್ಲುತ್ತದೆ, ಹೊಗೆ ನಿಲ್ಲುವುದಿಲ್ಲ. ಉಸಿರೆಳೆಯುವಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ಒಂದು ಮಾತು ಪೂರ್ತಿ ಆಡಲು ಆಗದಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಎರೆಹೊಲ:
ನಾನು ಸುಡುತ್ತಿದ್ದವನು. ಯಾಕೆ ಅಂತ ಹೇಳುತ್ತೇನೆ. ಮಷಿನ್‌ನಲ್ಲಿ ಕೊಯ್ಸಿದರೆ ಅರ್ಧ ಹುಲ್ಲು ಕೂಳೆಯಾಗಿ ನಿಲ್ಲುತ್ತದೆ, ಉಳಿದದ್ದು ಚೈನ್ ಅಡಿ ತುಳಿದು ಚೆಲ್ಲಾಪಿಲ್ಲಿ. ಎರಡನೇ ಬೆಳೆಗೆ ಕಾಲುವೆ ನೀರು ಬಿಟ್ಟರೆ ಕೈಯಲ್ಲಿ ಇರುವುದು ಎರಡು ಮೂರು ವಾರ. ಹಸಿ ಹುಲ್ಲು ಹಾಗೇ ಕೆಸರಿಗೆ ತುಳಿದು ನಾಟಿ ಮಾಡಿದರೆ ಸಸಿ ಹಳದಿ ಆಗುತ್ತದೆ, ನಾನೇ ಒಂದು ಸಲ ಅನುಭವಿಸಿದ್ದೇನೆ. ಸಂಜೆ ಯಾಕೆ ಅಂದರೆ, ಮಧ್ಯಾಹ್ನ ಗಾಳಿಗೆ ಬೆಂಕಿ ಪಕ್ಕದವರ ನಿಂತ ಬೆಳೆಗೆ ಹಾರುತ್ತದೆ. ಆ ಸಂಜೆ ಹೊಗೆಯೇ ಮಕ್ಕಳ ಎದೆಗೆ ಹೋಗುತ್ತದೆ ಅಂತ ಮೇಷ್ಟ್ರು ಬರೆದದ್ದು ಓದಿದ ಮೇಲೆ ಗೊತ್ತಾಯಿತು, ನಿಜಕ್ಕೂ ಬೇಜಾರಾಯಿತು.

2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರ ಅಂತ ಘೋಷಣೆ ಆದಾಗ ನಮ್ಮ ಹುಲ್ಲು ಕೇಳಿಕೊಂಡು ಜನ ಮನೆಗೇ ಬಂದರು. ಆಗ ಮೊದಲ ಸಲ ಹುಲ್ಲು ಸುತ್ತುವ ಮಷಿನ್, ಅದೇ ಬೇಲರ್, ಕರೆಸಿದೆ. ಅವತ್ತಿನಿಂದ ಸುಟ್ಟಿಲ್ಲ. ಒಂದು ಟನ್ ಹುಲ್ಲಿನಲ್ಲಿ 5-6 ಕೆಜಿ ಸಾರಜನಕ ಇರುತ್ತದೆ, ಸುಟ್ಟರೆ ಬಹುಪಾಲು ಗಾಳಿಗೆ ಹೋಗುತ್ತದೆ. ಎಕರೆಗೆ ಎರಡು ಟನ್ ಹಿಡಿದರೆ ಹೆಚ್ಚುಕಡಿಮೆ ಅರ್ಧ ಚೀಲ ಯೂರಿಯಾ ಸುಟ್ಟ ಹಾಗೆ. ಆದರೆ ಒಂದು ತೊಂದರೆ ಇದೆ. ಎರಡು ಎಕರೆ ಇರುವವನು ಒಬ್ಬನೇ ಕರೆದರೆ ಬೇಲರ್‌ನವರು ಬರುವುದಿಲ್ಲ. ಅಕ್ಕಪಕ್ಕದವರು ಸೇರಿ ಹೇಳಬೇಕು. ನೆಲ ಒಣಗಿರಬೇಕು, ಹಸಿ ಇದ್ದರೆ ಮಷಿನ್ ಹೂತು ಹೋಗುತ್ತದೆ.

ಕಾಲುವೆದಂಡೆ:
ಎಲ್ಲರಿಗೂ ಧನ್ಯವಾದ. ಅಕ್ಕಾ, ಇನ್ಹೇಲರ್ ನಾವೇ ನಿಲ್ಲಿಸಿದ್ದೆವು, ನಾಳೆಯೇ ಡಾಕ್ಟರ ಹತ್ತಿರ ಹೋಗುತ್ತೇವೆ. ಸ್ಪೇಸರ್ ಇದೆ ಅಂತಲೇ ಗೊತ್ತಿರಲಿಲ್ಲ.

ಎರೆಹೊಲ ಅಣ್ಣ, ಸಂಜೆ ನಮ್ಮ ಹಿಂದಿನ ಹೊಲದ ಕಾಕಾನ ಹತ್ತಿರ ಕೂತು ಮಾತಾಡಿದೆ. ಮಗಳು ರಾತ್ರಿ ಹೀಗೆ ಕೂರುತ್ತಾಳೆ ಅಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಾದರು, ಆಮೇಲೆ ಮಷಿನ್ ಬಂದರೆ ಸುಡುವುದಿಲ್ಲ ಅಂದರು. ಅವರದು, ಅವರ ತಮ್ಮನದು ಸೇರಿ ಏಳು ಎಕರೆ ಆಯಿತು. ಬೇಲರ್‌ನವರು ಕನಿಷ್ಠ ಎಷ್ಟು ಎಕರೆ ಕೇಳುತ್ತಾರೆ, ಹೇಳುತ್ತೀರಾ? ಕಾಲುವೆ ಆಚೆ ಇನ್ನೂ ಇಬ್ಬರ ಕೊಯ್ಲು ಬಾಕಿ ಇದೆ, ಬೆಳಿಗ್ಗೆ ಅವರನ್ನೂ ಕೇಳುತ್ತೇನೆ.