‘ಮೆಲೋಡಿ’ ಎಂದರೆ ನಿಧಾನದ ಹಾಡೇ? ‘ಧಾಟಿ’ ಎಂದು ಬರೆದರೆ ಆದೀತೇ?

ಪದಬಲ್ಲವರಿಗೆಲ್ಲ ನಮಸ್ಕಾರ.

ಹುಬ್ಬಳ್ಳಿಯ ನಾಲ್ವರು ಹುಡುಗರು, ಒಬ್ಬ ಹುಡುಗಿ ಸೇರಿ ಕಟ್ಟಿಕೊಂಡ ಪಾಪ್ ರಾಕ್ ತಂಡವೊಂದು ಈಗೀಗ ಹೆಸರು ಮಾಡುತ್ತಿದೆ. ಕಾಲೇಜುಗಳ ಗ್ಯಾದರಿಂಗ್‌ನಲ್ಲಿ ಹಾಡುತ್ತಿದ್ದವರಿಗೆ ಈಗ ಗದಗ, ಹಾವೇರಿಗಳಿಂದಲೂ ಕರೆ ಬರುತ್ತಿದೆ. ಸಾಹಿತ್ಯವೂ ಸಂಗೀತವೂ ಅವರದೇ, ಭಾಷೆ ಕನ್ನಡ. ಮೊದಲ ಆಲ್ಬಂಗೆ ಒಂದು ಪುಟದ ಪರಿಚಯ ಬರೆದುಕೊಡಿ ಎಂದು ಕೇಳಿದ್ದಾರೆ. ಅವರು ಕೊಟ್ಟ ಟಿಪ್ಪಣಿಯಲ್ಲಿ ತಮ್ಮನ್ನು ‘ಮೆಲೋಡಿಕ್ ಪಾಪ್ ರಾಕ್’ ತಂಡ ಎಂದು ಕರೆದುಕೊಂಡಿದ್ದಾರೆ. ಪಾಪ್, ರಾಕ್ ಎರಡೂ ಕನ್ನಡದಲ್ಲಿ ಬೇರೂರಿವೆ, ಅವುಗಳ ಬಗ್ಗೆ ನನ್ನ ತಕರಾರಿಲ್ಲ. ತೊಡಕಿರುವುದು ‘ಮೆಲೋಡಿಕ್’ನಲ್ಲಿ.

ಈ ಪದ ನಮ್ಮಲ್ಲಿಗೆ ಬಂದು ಅರ್ಥ ಬದಲಿಸಿಕೊಂಡಿದೆ. ಸಂಗೀತಶಾಸ್ತ್ರದಲ್ಲಿ ಮೆಲೋಡಿ ಎಂದರೆ ಒಂದಾದ ಮೇಲೊಂದರಂತೆ ಬರುವ ಸ್ವರಗಳ ಸಾಲು, ಹಾಡಿನ ನಡೆ. ಹಾಡು ಎಷ್ಟೇ ವೇಗದ್ದಾಗಿರಲಿ, ಗದ್ದಲದ್ದಾಗಿರಲಿ, ಅದಕ್ಕೊಂದು ಮೆಲೋಡಿ ಇದ್ದೇ ಇರುತ್ತದೆ. ಆದರೆ ನಮ್ಮ ರಸಮಂಜರಿ ಕಾರ್ಯಕ್ರಮದಲ್ಲಿ ನಿರೂಪಕರು ‘ಮುಂದೆ ಒಂದು ಮೆಲೋಡಿ’ ಎಂದರೆ ಸಾಕು, ದೀಪ ಮಂದವಾಗಿ ಎಂಬತ್ತರ ದಶಕದ ಯಾವುದೋ ಯುಗಳಗೀತೆ ತೆವಳುತ್ತ ಬರುತ್ತದೆ. ನಿಧಾನ, ಮೆದು, ತುಸು ವಿರಹ: ಕನ್ನಡದ ‘ಮೆಲೋಡಿ’ ಇಷ್ಟೇ. ಕುಣಿಸುವ ಹಾಡು ಅದರ ಎದುರು ಪಕ್ಷ. ಹೀಗಿರುವಾಗ ‘ಮೆಲೋಡಿ ರಾಕ್’ ಎಂದು ಅಚ್ಚು ಹಾಕಿಸಿದರೆ ಓದಿದವರು ತೂಕಡಿಕೆಗೆ ಸಿದ್ಧರಾಗಿ ಬಂದಾರು. ಈ ತಂಡದ ಹಾಡುಗಳಲ್ಲಿ ಹೆಚ್ಚಿನವು ಕಾಲು ನಿಲ್ಲಗೊಡದಂಥವು.

ಮಧುರ, ಸುಮಧುರ, ಸುಶ್ರಾವ್ಯ ಎಂದು ಬರೆಯಬಹುದು. ಇವು ಸನ್ಮಾನಪತ್ರದಿಂದ ಕತ್ತರಿಸಿ ತಂದ ಪದಗಳಂತೆ ಕೇಳಿಸುತ್ತವೆ. ‘ಇಂಪು’ ಒಳ್ಳೆಯ ಪದ. ಅಣ್ಣಿಗೇರಿಯ ನಂಟಿದ್ದ ಪಂಪನ ಕಾಲದಿಂದಲೂ ಇದೆ. ಆದರೆ ಇಂಪು ಕಿವಿಗೆ ಆಗುವ ಅನುಭವ. ಕೋಗಿಲೆಯ ದನಿಯೂ ಇಂಪು, ಒಳ್ಳೆಯ ಪಿಟೀಲಿನ ಒಂದೇ ಒಂದು ಸ್ವರವೂ ಇಂಪು. ನನಗೆ ಬೇಕಿರುವುದು ಸ್ವರಗಳು ಸಾಗುವ ದಾರಿಯನ್ನು ಸೂಚಿಸುವ ಪದ.

ಈ ಹುಡುಗರು ಅಭ್ಯಾಸ ಮಾಡುವುದು ದುರ್ಗದ ಬೈಲ್ ಹತ್ತಿರ, ಒಂದು ಟೇಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ. ನಾನು ಹೋಗಿದ್ದಾಗ ಹಾಡಿನ ನಡುವೆ ಕರೆಂಟ್ ಹೋಯಿತು. ಗಿಟಾರುಗಳ ಸದ್ದಡಗಿತು, ಡ್ರಮ್ಮಿನವನು ಕೋಲು ತೊಡೆಯ ಮೇಲಿಟ್ಟುಕೊಂಡ. ಹಾಡುವ ಹುಡುಗಿ ಮಾತ್ರ ನಿಲ್ಲಿಸಲಿಲ್ಲ. ಸ್ವರಗಳು ಭೂಪ್ ರಾಗದವು, ಮ-ನಿ ಇಲ್ಲದವು: ಪಂಚಮದಿಂದ ಮೇಲಿನ ಷಡ್ಜಕ್ಕೆ ಒಂದೇ ನೆಗೆತ, ಅಲ್ಲಿಂದ ಧ, ಪ, ಗ ಎಂದು ಇಳಿತ, ರಿಷಭದ ಮೇಲೆ ಬೇಕೆಂದೇ ಒಂದು ತಡೆ. ಗಿಟಾರಿನ ಸ್ವರಮೇಳವೂ ಇಲ್ಲದೆ, ತಾಳವೂ ಇಲ್ಲದೆ ಹಾಡು ಪೂರ್ತಿ ಇತ್ತು. ಕೆಳಗೆ ಟೇಲರ್ ಕಾಲಲ್ಲಿ ಹೊಲಿಗೆ ಯಂತ್ರ ತುಳಿಯುತ್ತ, ಸಾಹಿತ್ಯ ಗೊತ್ತಿಲ್ಲದ ಕಡೆ ‘ಲ ಲ’ ಹಾಕಿಕೊಂಡು ಅದೇ ಸಾಲನ್ನು ಗುನುಗುತ್ತಿದ್ದರು. ‘ಮೆಲೋಡಿಕ್’ ಎಂದು ತಂಡದವರು ಹೇಳುತ್ತಿರುವುದು ಈ ಗುಣವನ್ನು.

‘ರಾಗ’ ಎನ್ನೋಣವೇ? ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರ ಊರುಗಳಲ್ಲಿ ‘ರಾಗಪ್ರಧಾನ ರಾಕ್’ ಎಂದು ಬರೆದರೆ ಮೊದಲ ಸಾಲಿನಲ್ಲಿ ಕುಳಿತ ಹಿರಿಯರು ‘ಯಾವ ರಾಗ?’ ಎಂದು ಕೇಳದೆ ಬಿಡುವುದಿಲ್ಲ. ಅದೂ ಅಲ್ಲದೆ ಅಳುಬುರುಕ ಮಗುವಿಗೆ ‘ರಾಗ ತೆಗೆಯಬೇಡ’ ಎಂದು ಗದರುವುದೂ ಇದೇ ಪದದಿಂದ.

ನನ್ನ ಒಲವು ‘ಧಾಟಿ’ಯ ಕಡೆಗೆ. ಶಿಶುನಾಳ ಶರೀಫರ (1819–1889) ಒಂದೇ ತತ್ವಪದವನ್ನು ಹಾವೇರಿ ಜಿಲ್ಲೆಯ ಭಜನಾ ಮೇಳದವರು ಒಂದು ಧಾಟಿಯಲ್ಲಿ ಹಾಡಿದರೆ, ಸಿ. ಅಶ್ವತ್ಥ್ ಇನ್ನೊಂದರಲ್ಲಿ ಹಾಡಿದರು; 2008ರ ತಮ್ಮ ಮೊದಲ ಆಲ್ಬಂನಲ್ಲಿ ರಘು ದೀಕ್ಷಿತ್ ಶರೀಫರನ್ನು ರಾಕ್ ವಾದ್ಯಗಳ ಜೊತೆಗೆ ತಂದರು. ಸಾಹಿತ್ಯ ಹಾಗೇ ಇದೆ, ಬದಲಾದದ್ದು ಧಾಟಿ ಎಂದರೆ ನಮ್ಮ ಕಡೆ ಯಾರಿಗೂ ವಿವರಿಸಬೇಕಾಗಿಲ್ಲ.

ಆದರೂ ಅನುಮಾನಗಳಿವೆ. ನಾಟಕದ ಹಾಡುಗಳ, ಭಜನೆಗಳ ಹಳೆಯ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ‘ಧಾಟಿ’ ಎಂದೋ ‘ಮಟ್ಟು’ ಎಂದೋ ಬರೆದು ಬೇರೊಂದು ಪ್ರಸಿದ್ಧ ಹಾಡಿನ ಮೊದಲ ಸಾಲನ್ನು ಕೊಟ್ಟಿರುತ್ತಾರೆ. ಅಂದರೆ ಅಲ್ಲಿ ಧಾಟಿ ಎಂಬುದು ಕಡ ತಂದದ್ದು. ಸ್ವಂತ ಸಂಗೀತ ಹೊಸೆಯುವ ತಂಡವನ್ನು ‘ಧಾಟಿಯ ತಂಡ’ ಎಂದರೆ ನಕಲು ಮಾಡುವವರು ಎಂಬ ವಾಸನೆ ಬಂದೀತೇ? ಇನ್ನೊಂದು, ‘ಮಾತಿನ ಧಾಟಿ’, ‘ಅದೇ ಧಾಟಿಯಲ್ಲಿ’ ಎನ್ನುವಾಗ ಅರ್ಥ ಬರೀ ರೀತಿ, ಶೈಲಿ. ಮರಾಠಿಯ ‘ಧಾಟಣಿ’ಗೂ ಅದೇ ಅರ್ಥ. ಸಂಸ್ಕೃತದಲ್ಲಂತೂ ಧಾಟೀ ಎಂದರೆ ದಾಳಿ! (ರಾಕ್ ಸಂಗೀತಕ್ಕೆ ಒಪ್ಪುತ್ತದೆ ಎನ್ನುವವರೂ ಇರಬಹುದು.) ಪತ್ರಿಕೆಗಳಲ್ಲಿ ‘ದಾಟಿ’ ಎಂಬ ಬರಹವೂ ಕಾಣುತ್ತದೆ, ‘ದಾಟಿಯ ಮೇಲೆ ಹಾಡಿದರು’ ಎಂದರೆ ಹೊಳೆ ದಾಟಿ ಆಚೆ ದಡದಲ್ಲಿ ಹಾಡಿದರೇನೋ ಎನಿಸುತ್ತದೆ. ನಾನು ಮಹಾಪ್ರಾಣವನ್ನೇ ಉಳಿಸಿಕೊಳ್ಳುತ್ತೇನೆ.

‘ಮಟ್ಟು’ ಯಕ್ಷಗಾನದವರಲ್ಲಿ ಇಂದಿಗೂ ಜೀವಂತವಾಗಿದೆ, ಆದರೆ ಹುಬ್ಬಳ್ಳಿಯ ಇಪ್ಪತ್ತರ ಹುಡುಗರ ಬಾಯಲ್ಲಿ ಇಲ್ಲ. ಅದನ್ನು ಕೈಬಿಟ್ಟೆ.

ಇದೇ ಬರಹದಲ್ಲಿ ಇನ್ನೊಂದು ಗಂಟು, ‘ಕೋರಸ್’. ರಾಕ್‌ನಲ್ಲಿ ಅದು ಮರಳಿ ಮರಳಿ ಬರುವ ಭಾಗ. ಕನ್ನಡಿಗರಿಗೆ ಕೋರಸ್ ಎಂದರೆ ಗಾಯಕರ ಹಿಂದೆ ನಿಂತು ‘ಆ’ ಎಂದು ದನಿಗೂಡಿಸುವ ಗುಂಪು. ಮರಳಿ ಬರುವುದಕ್ಕೆ ‘ಪಲ್ಲವಿ’ ಇದ್ದೇ ಇದೆ, ಲಾವಣಿಯವರು ‘ಪಲ್ಲ’ ಎನ್ನುತ್ತಾರೆ. ಸಮಸ್ಯೆ ಏನೆಂದರೆ ಪಲ್ಲವಿಯಿಂದ ಹಾಡು ಶುರುವಾಗುತ್ತದೆ ಎಂಬ ನಿರೀಕ್ಷೆ ನಮ್ಮದು. ಪಾಪ್ ರಾಕ್‌ನಲ್ಲಿ ಸಾಮಾನ್ಯವಾಗಿ ಚರಣ ಮೊದಲು, ಆಮೇಲೆ ದನಿಯೂ ತಾಳವೂ ಬಿಗಿಯಾಗುವ ಒಂದು ತುಂಡು, ಅದರ ತುದಿಗೆ ಪಲ್ಲವಿ ಸಿಡಿಯುತ್ತದೆ. ಆ ನಡುವಿನ ತುಂಡಿಗೆ ಲಾವಣಿಯ ‘ಏರು’ ಎಂಬ ಪದ ಹೊಂದೀತು ಎಂದು ನನಗೆ ಅನಿಸುತ್ತದೆ. ಗೀಗೀ ಮೇಳದ ಹಿಮ್ಮೇಳದವರು ‘ಗೀ ಗೀ’ ಎಂದು ಸೇರಿಕೊಳ್ಳುವ ಮೊದಲು ಮುಖ್ಯ ಹಾಡುಗಾರ ದನಿ ಏರಿಸುವುದನ್ನು ಕೇಳಿದವರಿಗೆ ಇದು ದೂರದ ಕಲ್ಪನೆ ಎನಿಸಲಾರದು.

‘ಬ್ಯಾಂಡ್’ ಎಂಬುದರ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಊರಲ್ಲಿ ಬ್ಯಾಂಡ್ ಎಂದರೆ ಮದುವೆ ಮೆರವಣಿಗೆಯದು. ಇವರಿಗೂ ಫೋನಿನಲ್ಲಿ ‘ಕುದುರೆ ನಿಮ್ಮದೋ, ನಾವೇ ತರಬೇಕೋ’ ಎಂದು ಕೇಳಿದ್ದಾರಂತೆ. ‘ತಂಡ’ ಎಂದು ಬರೆದು ಮುಂದೆ ಹೋಗುತ್ತೇನೆ.

ಸದ್ಯಕ್ಕೆ ನನ್ನ ಕರಡಿನಲ್ಲಿರುವ ವಾಕ್ಯ ಇದು: ‘ಸ್ವಂತ ಧಾಟಿಗಳ ಪಾಪ್ ರಾಕ್ ತಂಡ, ವಾದ್ಯ ನಿಂತರೂ ಹಾಡು ನಿಲ್ಲದು.’ ‘ಸ್ವಂತ’ ಸೇರಿಸಿದ್ದರಿಂದ ಕಡ ತಂದ ಅನುಮಾನ ಹೋಗುತ್ತದೆ ಎಂದುಕೊಂಡಿದ್ದೇನೆ. ದಕ್ಷಿಣದ ಜಿಲ್ಲೆಗಳವರು ಇದನ್ನು ಓದಿದರೆ ಧಾಟಿ ಎಂದರೆ ಹಾಡಿನ ನಡೆ ಎಂದೇ ತಿಳಿಯುತ್ತದೆಯೇ, ಶೈಲಿ ಎಂದುಕೊಳ್ಳುತ್ತಾರೆಯೇ? ಗದಗ, ರೋಣ, ಶಿಗ್ಗಾವಿ ಕಡೆಯ ಲಾವಣಿ ಮೇಳಗಳ ಒಡನಾಟವಿರುವವರು ‘ಏರು’ ಇಂದಿಗೂ ಬಳಕೆಯಲ್ಲಿದೆಯೇ, ಅದು ಪಲ್ಲಕ್ಕೆ ಹಿಂದೆಯೋ ಮುಂದೆಯೋ ಎಂಬುದನ್ನು ಸಾಲುಗಳ ಸಮೇತ ತಿಳಿಸಿದರೆ ಉಪಕಾರವಾಗುತ್ತದೆ. ಕರಡು ಮುಂದಿನ ವಾರ ಅಚ್ಚಿಗೆ ಹೋಗಬೇಕು.