ಹೊಸೂರು ಕೋರ್ಟಿನ ಪ್ರೊಬೇಷನ್, ನನ್ನ ತಮ್ಮ ಊರಿಗೆ ಬರಬಹುದಾ?

ತೋಟದ ರೈಟರ್, ಮೂಡಿಗೆರೆ:
ನನ್ನ ತಮ್ಮ ತಮಿಳುನಾಡಿನ ಹೊಸೂರಲ್ಲಿ ಫ್ಯಾಕ್ಟರಿ ಕೆಲಸಕ್ಕಿದ್ದ. ರೂಮಿನ ಹತ್ತಿರ ಹೊಡೆದಾಟವಾಗಿ ಕೇಸಾಯಿತು. ಮೊದಲ ತಪ್ಪು ಅಂತ ಜಡ್ಜು ಎರಡು ವರ್ಷದ ಬಾಂಡ್ (ಮುಚ್ಚಳಿಕೆ) ಬರೆಸಿಕೊಂಡು ಪ್ರೊಬೇಷನ್ ಮೇಲೆ, ಅಂದರೆ ಜೈಲಿಗೆ ಕಳಿಸದೆ ಆಫೀಸರ್ ನಿಗಾದಲ್ಲಿ, ಬಿಟ್ಟಿದ್ದಾರೆ. ತಿಂಗಳಿಗೊಮ್ಮೆ ಅಲ್ಲಿನ ಆಫೀಸರ್ ಮುಂದೆ ಸಹಿ. ಈಗ ಕೆಲಸ ಹೋಗಿದೆ, ರೂಮ್ ಬಾಡಿಗೆ ನಾನೇ ಕಳಿಸುತ್ತಿದ್ದೇನೆ. ಇಲ್ಲಿ ಅರೇಬಿಕಾ ಕಾಫಿ ಕೊಯ್ಲು ಹತ್ತಿರ ಬಂತು, ಪಿಕಪ್ ಓಡಿಸೋಕೆ ಜನ ಇಲ್ಲ, ಸಾಹುಕಾರ್ರು ಅವನನ್ನೇ ಕರೆಸು ಅಂತಿದ್ದಾರೆ. ಸಹಿ ಚಿಕ್ಕಮಗಳೂರಿಗೆ ಹಾಕಿಸಿಕೊಳ್ಳಬಹುದಾ? ರಾಜ್ಯವೇ ಬೇರೆ ಅಲ್ವಾ?

ವಕೀಲರ ಗುಮಾಸ್ತ, ಹಾಸನ:
ಆಗುತ್ತೆ ರೈಟರ್ರೇ. 1958ರ ಪ್ರೊಬೇಷನ್ ಕಾಯ್ದೆ, 13ನೇ ಸೆಕ್ಷನ್. ಆದೇಶ ಕೊಟ್ಟ ಕೋರ್ಟಾಗಲಿ, ಅವನು ಸದ್ಯ ಇರುವ ಜಿಲ್ಲೆಯ ಮ್ಯಾಜಿಸ್ಟ್ರೇಟ್ ಅಂದರೆ ಡಿಸಿ ಆಗಲಿ, ಬೇರೆ ಪ್ರೊಬೇಷನ್ ಆಫೀಸರನ್ನು ಹಾಕಬಹುದು. ಆದರೆ ಬಾಂಡಲ್ಲಿ ಇಂಥ ವಿಳಾಸದಲ್ಲೇ ಇರಬೇಕು ಅಂತಿದ್ದರೆ ಮೊದಲು ಆ ಷರತ್ತು ತಿದ್ದಿಸಬೇಕು. ಅದು 8ನೇ ಸೆಕ್ಷನ್, ಆದೇಶ ಕೊಟ್ಟ ಕೋರ್ಟಲ್ಲೇ ಆಗಬೇಕು. ಅದಕ್ಕೆ ಅರ್ಜಿ ಹಾಕೋದು ಅಲ್ಲಿನ ಆಫೀಸರ್. ಹಾಗಾಗಿ ಅವರನ್ನು ಒಪ್ಪಿಸೋದೇ ಅರ್ಧ ಕೆಲಸ. ಕೆಲಸವೂ ಇದೆ, ಇರೋಕೆ ಲೈನ್ ಮನೆಯೂ ಇದೆ ಅಂತ ಸಾಹುಕಾರ್ರ ಕೈಲಿ ಲೆಟರ್ ಬರೆಸಿ ತಗೊಂಡು ಹೋಗಿ. ಅಂದಹಾಗೆ ಶ್ಯೂರಿಟಿ, ಅಂದರೆ ಬಾಂಡಿಗೆ ಜಾಮೀನು ನಿಂತವರು, ಯಾರು? ಷರತ್ತು ಬದಲಿಸುವ ಮುಂಚೆ ಕೋರ್ಟ್ ಅವರ ಮಾತನ್ನೂ ಕೇಳುತ್ತೆ. ಅವರು ಒಪ್ಪದಿದ್ದರೆ ಹೊಸ ಬಾಂಡ್ ಕೇಳಬಹುದು.

ತೋಟದ ರೈಟರ್:
ಶ್ಯೂರಿಟಿ ಹಾಕಿದ್ದು ರೂಮಿನ ಓನರ್ರೇ! ಖಾಲಿ ಮಾಡುತ್ತಾನೆ ಅಂದರೆ ಮುಖ ಊದಿಸುತ್ತಾರೆ. ಕೊಯ್ಲು ಕಾಯಲ್ಲ, ಹಣ್ಣು ಉದುರಿಹೋಗುತ್ತೆ. ಮೊದಲು ಬಂದುಬಿಟ್ಟು ಆಮೇಲೆ ಕಾಗದಪತ್ರ ನೋಡಿಕೊಂಡರೆ?

ಬೇಲೂರಿನ ಅಕ್ಕ:
ಬೇಡ ತಮ್ಮಾ. ಷರತ್ತು ಮುರಿದ ಅಂತ ಕೋರ್ಟಿಗೆ ಗೊತ್ತಾದರೆ ವಾರಂಟ್ ಬರಬಹುದು. ಮೊದಲ ಸಲ 50 ರೂಪಾಯಿವರೆಗಿನ ದಂಡದಲ್ಲಿ ಮುಗಿದರೂ ಮುಗಿಯಬಹುದು, ಹಳೇ ಕೇಸಿನ ಶಿಕ್ಷೆಯನ್ನೇ ಕೊಟ್ಟರೂ ಕೊಡಬಹುದು. ನೆಟ್ಟಗೆ ಮುಗಿಸಿದರೆ 12ನೇ ಸೆಕ್ಷನ್ ಇದೆ, ಈ ಕೇಸಿಂದ ಕಾನೂನಿನ ಅನರ್ಹತೆ ಯಾವುದೂ ಅವನಿಗೆ ತಟ್ಟಲ್ಲ. ಶಿಕ್ಷೆಯಾದರೆ ಅದೂ ಹೋಯಿತು. ಒಂದು ಕೊಯ್ಲಿಗೋಸ್ಕರ ಇದೆಲ್ಲ ಬೇಕಾ? ಈ ವರ್ಷ ಪಿಕಪ್ಪಿಗೆ ಬಾಡಿಗೆ ಡ್ರೈವರ್ ನೋಡಿ.

ತೋಟದ ರೈಟರ್:
ಸರಿ ಅಕ್ಕ. ನಾನೇ ಹೊಸೂರಿಗೆ ಹೋಗಿ ಓನರ್ ಹತ್ತಿರ ಮಾತಾಡುತ್ತೇನೆ. ಆದೇಶದ ಕಾಗದ ಎಲ್ಲೋ ಕಳೆದುಹೋಗಿದೆ ಅಂತಾನೆ ಇವನು.

ವಕೀಲರ ಗುಮಾಸ್ತ, ಹಾಸನ:
ಶ್ಯೂರಿಟಿಗೂ ಒಂದು ಪ್ರತಿ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಓನರ್ ಹತ್ತಿರ ಇದ್ದರೆ ಫೋಟೋ ಹೊಡೆದು ಹಾಕಿ, ವಿಳಾಸದ ಷರತ್ತು ಇದೆಯಾ ನೋಡೋಣ.